ಕಾಲಹರಣದ ಒಂದು ಆಟ

ವಿಡಿಯೋ ಆಟವೊಂದರ ಗುಣದೋಷಗಳನ್ನು ಸಾಹಿತ್ಯದ ಪುಟದಲ್ಲಿ ವಿಚಾರಿಸಹೊರಡುವುದು ಕೆಲವು ವಾಚಕರಿಗೆ ಉದ್ಧಟತನವಾಗಿ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಕಥೆ, ಕಾವ್ಯ, ನಾಟಕಗಳಿಗೆ ಮೀಸಲಾದ ಜಾಗದಲ್ಲಿ, ಹುಡುಗರು ಬಾಗಿಲು ಮುಚ್ಚಿಕೊಂಡು ಆಡುವ ಬಂದೂಕಿನ ಆಟಕ್ಕೇನು ಕೆಲಸ? ಆದರೆ ಇದೇ ಮಾತನ್ನು ಹಿರಿಯರು ಒಂದು ಕಾಲಕ್ಕೆ ಕಾದಂಬರಿಯ ಬಗ್ಗೆ ಆಡಿದ್ದರು. ಆಮೇಲೆ ಸಿನಿಮಾದ ಬಗ್ಗೆ ಆಡಿದರು. ಕಥೆಯಿದ್ದು, ಪಾತ್ರಗಳಿದ್ದು, ಆಡಿ ಮುಗಿಸಿದವನನ್ನು ಆಮೇಲೂ ಎಂಟು ದಿನ ಕಾಡಬಲ್ಲ ವಸ್ತುವನ್ನು ತೂಗಿ ನೋಡಲು ಹಿಂಜರಿಯಬೇಕಾಗಿಲ್ಲವೆಂದು ನಾನೀಗ ತಿಳಿದಿದ್ದೇನೆ.

ಇನ್ನೊಂದು ನೆಪವೂ ಉಂಟು. ಹೊತ್ತುಗಳೆಯುವುದಕ್ಕೆ ನಮ್ಮಲ್ಲಿ 'ಕಾಲಹರಣ' ಎಂಬ ಸೊಗಸಾದ ಮಾತಿದೆ. ಹರಣವೆಂದರೆ ಅಪಹರಣ, ಕಳವು. ನಾನು ಹೇಳಹೊರಟ ಆಟದ ವಸ್ತುವೇ ಅದು. ಅದರ ನಾಯಕ ಕಾಲವನ್ನು ಕದಿಯುತ್ತಾನೆ. ಕದ್ದದ್ದನ್ನು ತನಗೆ ಬೇಕಾದ ಕಡೆ ಚೆಲ್ಲುತ್ತಾನೆ. ಎಂಟು ಗಂಟೆಯ ಆಟಕ್ಕೆ ನಾನು ಎರಡು ವಾರ ತೆಗೆದುಕೊಂಡೆನಾದ್ದರಿಂದ ನನ್ನ ಕಾಲವೂ ಧಾರಾಳವಾಗಿ ಹರಣವಾಯಿತು.

ಆಟದ ಹೆಸರು 'ಸಿಂಗ್ಯುಲಾರಿಟಿ'. ಅಮೆರಿಕದ ರೇವನ್ ಸಾಫ್ಟ್‌ವೇರ್ ಎಂಬ ಸಂಸ್ಥೆ ತಯಾರಿಸಿದ್ದು, ಆಕ್ಟಿವಿಷನ್ ಸಂಸ್ಥೆ 2010ರಲ್ಲಿ ಹೊರತಂದದ್ದು, ವಯಸ್ಕರಿಗೆಂದು ಗುರುತಾದದ್ದು. ಈ ಕಸಬಿನ ಲೆಕ್ಕದಲ್ಲಿ ಅದು ಮುದಿ ಆಟ. ಭಟ್ಕಳದ ಪೇಟೆಯಲ್ಲಿ ದುಬಾಯಿ ಸಾಮಾನಿಗೆ ಬರವಿಲ್ಲವೆಂಬುದು ಕರಾವಳಿಯವರಿಗೆಲ್ಲ ಗೊತ್ತಿದ್ದ ಸಂಗತಿ. ಹೊನ್ನಾವರದಲ್ಲಿರುವ ನನ್ನ ಅಕ್ಕನ ಮಗ, ಕಾಲೇಜಿನ ಕೊನೆಯ ವರ್ಷದವ, ಅಲ್ಲಿಂದಲೇ ಒಂದು ಹಳೆಯ ಪ್ಲೇಸ್ಟೇಷನ್ ಯಂತ್ರವನ್ನೂ ಅದರ ಜೊತೆಗೆ ಏಳೆಂಟು ಡಿಸ್ಕುಗಳನ್ನೂ ಅಗ್ಗಕ್ಕೆ ತಂದಿದ್ದ. ಆಷಾಢದ ಮಳೆ ಹಿಡಿದು ನಾನು ಅಕ್ಕನ ಮನೆಯಲ್ಲಿ ಸಿಕ್ಕಿಬಿದ್ದಾಗ, ಓದುವುದಕ್ಕೆ ತಂದಿದ್ದ ಪುಸ್ತಕ ಮುಗಿದು, ಅವನ ಪಕ್ಕದಲ್ಲಿ ಕುಳಿತೆ. ಮೊದಲು ನೋಡಿದೆ, ಮೂರನೆಯ ದಿನ ಅವನ ಕೈಯಿಂದ ಕಂಟ್ರೋಲರನ್ನು ಇಸಿದುಕೊಂಡೆ.

ಕಥೆ ಇಷ್ಟು. ರಷ್ಯದ ಕಡೆಯ ಒಂದು ದ್ವೀಪ, ಕಟೋರ್ಗಾ-12. ಅಲ್ಲಿ ಸ್ಟಾಲಿನ್ನನ ಕಾಲದಲ್ಲಿ ಇ-99 ಎಂಬ (ಕಲ್ಪಿತ) ಮೂಲವಸ್ತು ಸಿಕ್ಕಿ, ಅದರ ಮೇಲೆ ಪ್ರಯೋಗಗಳು ನಡೆದು, 1955ರಲ್ಲಿ ದೊಡ್ಡ ಅನಾಹುತವಾಗಿ, ದ್ವೀಪವನ್ನು ಜಗತ್ತಿನಿಂದ ಮುಚ್ಚಿಟ್ಟಿದ್ದಾರೆ. 2010ರಲ್ಲಿ ಅಲ್ಲಿಗೆ ಹೋದ ಅಮೆರಿಕನ್ ಸೈನಿಕ ರೆಂಕೊ ಕಣ್ಣು ಮಿಟುಕಿಸುವುದರಲ್ಲಿ 1955ಕ್ಕೆ ಜಾರಿಬೀಳುತ್ತಾನೆ. ಕಟ್ಟಡ ಉರಿಯುತ್ತಿದೆ. ಯಾರೋ ಒಬ್ಬ ಸಾಯುತ್ತಿದ್ದಾನೆ. ಮನುಷ್ಯನಾದವನು ಏನು ಮಾಡಬೇಕೋ ಅದನ್ನೇ ರೆಂಕೊ ಮಾಡುತ್ತಾನೆ: ಅವನನ್ನು ಬೆಂಕಿಯಿಂದ ಎಳೆದು ಉಳಿಸುತ್ತಾನೆ. ಮತ್ತೆ 2010ಕ್ಕೆ ಬಂದು ನೋಡಿದರೆ ಜಗತ್ತೇ ಬೇರೆ. ಉಳಿದವನು ಡೆಮಿಚೆವ್ ಎಂಬ ಅಧಿಕಾರದಾಹಿ. ಆತ ಇ-99ರ ಬಲದಿಂದ ಲೋಕವನ್ನೇ ಗೆದ್ದುಕೊಂಡಿದ್ದಾನೆ. ಒಂದು ಒಳ್ಳೆಯ ಕೆಲಸದಿಂದ ಹುಟ್ಟಿದ ಕೇಡನ್ನು ಸರಿಪಡಿಸುವುದು ಮುಂದಿನ ಆಟ.

ವಸ್ತು ಚೆನ್ನಾಗಿದೆಯೆಂದು ಮೊದಲೇ ಒಪ್ಪಿಬಿಡುತ್ತೇನೆ. ಕಾಲದಲ್ಲಿ ಹಿಂದೆಮುಂದೆ ಓಡಾಡುವುದು ನಮಗೇನೂ ಹೊಸ ಸುದ್ದಿಯಲ್ಲ. ವೆಲ್ಸ್ ತನ್ನ ಕಾಲಯಂತ್ರದ ಕಾದಂಬರಿಯನ್ನು ಪ್ರಕಟಿಸಿದ್ದು 1895ರಲ್ಲಿ. ನಮ್ಮ ಭಾಗವತದ ಕಕುದ್ಮಿ ಮಹಾರಾಜ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿ ಸಂಗೀತ ಮುಗಿಯುವ ತನಕ ಕಾದು, ಮರಳಿ ಬರುವಷ್ಟರಲ್ಲಿ ಭೂಮಿಯ ಮೇಲೆ ಯುಗಗಳೇ ಉರುಳಿದ್ದವು. ಹಿಂದಿನ ಯುಗದವಳಾದ ರೇವತಿ ಬಲರಾಮನಿಗಿಂತ ಬಹಳ ಎತ್ತರವಿದ್ದಳೆಂದೂ, ಆತ ನೇಗಿಲಿನಿಂದ ಒತ್ತಿ ಅವಳನ್ನು ತನ್ನ ಅಳತೆಗೆ ತಂದುಕೊಂಡನೆಂದೂ ಕಥೆ. ಆದರೆ ಕಕುದ್ಮಿ ಕಾಲವನ್ನು ಕಳೆದುಕೊಂಡನೇ ಹೊರತು ಬದಲಿಸಲಿಲ್ಲ. ಸತ್ಕರ್ಮವೇ ಪಾಪದ ಬೀಜವಾಗುವ ಸಂಕಟವನ್ನು ಈ ಆಟ ತನ್ನ ಮೊದಲ ಗಂಟೆಯಲ್ಲೇ ತಂದಿಡುತ್ತದೆ. ಬೆಂಕಿಯ ಕೋಣೆಯಲ್ಲಿ ನನಗೆ ಬೇರೆ ದಾರಿಯಿರಲಿಲ್ಲ. ಉಳಿಸಿದ್ದು ನನ್ನದೇ ಕೈ. ಕಾದಂಬರಿಯಲ್ಲಿ ನಾಯಕನ ತಪ್ಪನ್ನು ಓದಿ ಮರುಗುತ್ತೇವೆ. ಇಲ್ಲಿ ತಪ್ಪು ನಮ್ಮ ಲೆಕ್ಕಕ್ಕೇ ಬರೆದುಕೊಳ್ಳಲ್ಪಡುತ್ತದೆ. ಇದು ಈ ಮಾಧ್ಯಮದ ಸ್ವಂತ ಶಕ್ತಿ. ಬೇರಾವ ಕಲೆಯಿಂದ ಎರವಲು ತಂದುದಲ್ಲ.

ಇನ್ನು ಆ ಕೈಯ ಮಾತು. ಇಂಥ ಆಟಗಳಿಗೆ ಇಂಗ್ಲಿಷಿನಲ್ಲಿ 'ಫಸ್ಟ್ ಪರ್ಸನ್ ಶೂಟರ್' ಎಂದು ಹೆಸರು. ಫಸ್ಟ್ ಪರ್ಸನ್ ಎಂದರೆ ನಮ್ಮ ವ್ಯಾಕರಣದಲ್ಲಿ ಉತ್ತಮ ಪುರುಷ. ಉತ್ತಮ ಪುರುಷನ ಕೈಗೆ ಬಂದೂಕು ಕೊಟ್ಟಮೇಲೆ ಆತ ಎಷ್ಟರಮಟ್ಟಿಗೆ ಉತ್ತಮನಾಗಿ ಉಳಿಯುತ್ತಾನೆಂಬುದು ಬೇರೆ ಪ್ರಶ್ನೆ. ಆದರೆ ಇಲ್ಲಿ ಆಡುವವನಿಗೆ ತನ್ನ ಮುಖ ಕಾಣುವುದಿಲ್ಲ, ಮೈ ಕಾಣುವುದಿಲ್ಲ. ಪರದೆಯ ಕೆಳಗಿನಿಂದ ಚಾಚಿಕೊಂಡ ಎರಡು ಕೈ ಮಾತ್ರ ಕಾಣುತ್ತವೆ. ಬಲಗೈಯಲ್ಲಿ ಬಂದೂಕು. ಎಡಗೈಗೆ ಬರಿಸೊವ್ ಎಂಬ ವಿಜ್ಞಾನಿ ನಿರ್ಮಿಸಿದ ಕಾಲಯಂತ್ರವೊಂದನ್ನು ಕೈಗವಸಿನಂತೆ ತೊಡಿಸಿದ್ದಾರೆ. ಆ ಕೈ ಚಾಚಿದರೆ ಎದುರಿನ ಸೈನಿಕ ನಿಂತಲ್ಲೇ ಮುದುಕನಾಗಿ, ಅಸ್ಥಿಯಾಗಿ, ಬೂದಿಯಾಗಿ ಉದುರುತ್ತಾನೆ. ಕುಸಿದ ಮೆಟ್ಟಿಲಿನ ಕಡೆ ಚಾಚಿದರೆ ತುಂಡುಗಳು ತಾವಾಗಿ ಎದ್ದು ಕೂಡಿಕೊಂಡು ಮೆಟ್ಟಿಲು ಹೊಸದಾಗುತ್ತದೆ. ಗೋಡೆಯ ಮೇಲೆ ಮಾಸಿಹೋದ ಬರಹದ ಕಡೆ ಚಾಚಿದರೆ ಅಕ್ಷರಗಳು ಮೂಡುತ್ತವೆ.

ಮೊದಲ ಸಲ ಆ ಕೈ ಚಾಚಿದಾಗ ನನ್ನ ಬಾಯಿಂದ ತಾನಾಗಿ ಬಂದ ಮಾತು: "ಇದು ಭಸ್ಮಾಸುರನ ಕೈಯಲ್ಲವೋ!" ಹೊನ್ನಾವರದ ನೆಲದಲ್ಲಿ ಕುಳಿತವನಿಗೆ ಬೇರೇನು ನೆನಪಾದೀತು? ಅದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಬಡಗುತಿಟ್ಟಿನ ರಂಗದಲ್ಲಿ ಭಸ್ಮಾಸುರನಾಗಿ ಕುಣಿದದ್ದನ್ನು ಕಂಡವರು ಈ ಭಾಗದಲ್ಲಿ ಮನೆಮನೆಗೂ ಇದ್ದಾರೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಊರವರಿಗೆ ಮೊದಲು ನೆನಪಾದ ವೇಷಗಳಲ್ಲಿ ಅದೊಂದು. ಮುಟ್ಟಿದ್ದನ್ನೆಲ್ಲ ಬೂದಿ ಮಾಡುವ ಉರಿಹಸ್ತವನ್ನು ಪಡೆದವನು ಆ ಕೈಯನ್ನು ತಾನೇ ಹೇಗೆ ನೋಡುತ್ತಾನೆ, ಅದರ ಭಾರ ಭುಜಕ್ಕೆ ಹೇಗೆ ಏರುತ್ತದೆ, ಮೋಹಿನಿಯ ಹಿಂದೆ ಹೊರಟಮೇಲೆ ಅದನ್ನು ಹೇಗೆ ಮರೆಯುತ್ತಾನೆ ಎಂಬುದೇ ಆ ಪಾತ್ರದ ಜೀವ. ವರ ಸಿಕ್ಕಿದ ಗಳಿಗೆಯಿಂದ ತನ್ನ ತಲೆಯ ಮೇಲೆ ತಾನೇ ಕೈಯಿಡುವ ಗಳಿಗೆಯವರೆಗೆ ಒಂದು ರಾತ್ರಿ ಹಿಡಿಯುತ್ತದೆ. ಅಷ್ಟು ಹೊತ್ತು ಹಿಡಿಯಲೇಬೇಕು.

ಆಟದ ನಿರ್ಮಾಪಕರು ಭಸ್ಮಾಸುರನ ಹೆಸರು ಕೇಳಿರಲಾರರು. ಆದರೂ ಅವರಿಗೆ ಅದೇ ಪ್ರತೀಕ ದೊರಕಿದೆ. ಮುಕ್ತಾಯವೂ, ಮುಂದೆ ಹೇಳುವಂತೆ, ಅದೇ ದೊರಕಿದೆ. ದೊರಕಿದ್ದನ್ನು ಅವರು ಹೇಗೆ ಬಳಸಿಕೊಂಡರು ಎಂಬಲ್ಲಿ ನನ್ನ ತಕರಾರು ಪ್ರಾರಂಭವಾಗುತ್ತದೆ.

ಕೈಗೆ ಕಾಲದ ಮೇಲೆ ಅಧಿಕಾರ ಬಂದಿತೆಂದು ಹಿಗ್ಗಿ ನಾನು ಕಂಡದ್ದಕ್ಕೆಲ್ಲ ಚಾಚಿದೆ. ಕುರ್ಚಿಗೆ, ಕಿಟಕಿಗೆ, ಹುಲ್ಲಿಗೆ. ಏನೂ ಆಗಲಿಲ್ಲ. "ಮಾವ, ಅದು ಎಲ್ಲದರ ಮೇಲೂ ನಡೆಯೂದಿಲ್ಲ. ಹೊಳೆಯೂದು ನೋಡು, ಅದರ ಮೇಲೆ ಮಾತ್ರ" ಎಂದ ಅಳಿಯ. ಇ-99 ತಾಗಿದ ವಸ್ತುಗಳ ಮೇಲೆ ಮಾತ್ರ ಯಂತ್ರದ ಪ್ರಭಾವವೆಂದು ಕಥೆಯಲ್ಲಿ ಕಾರಣ ಕೊಟ್ಟಿದ್ದಾರೆ. ಅಂದರೆ ಎಲ್ಲಿ ಮೆಟ್ಟಿಲು ಬೇಕೋ ಅಲ್ಲಿ ಮುರಿದ ಮೆಟ್ಟಿಲು, ಎಲ್ಲಿ ಬಾಗಿಲು ಅಡ್ಡವೋ ಅಲ್ಲಿ ಜಜ್ಜಿದ ಒಂದು ಪೆಟ್ಟಿಗೆ. ಅರ್ಧ ಎದ್ದ ಬಾಗಿಲಿನ ಕೆಳಗೆ ಜಜ್ಜಿದ ಪೆಟ್ಟಿಗೆಯನ್ನು ತೂರಿಸಬೇಕು. ಅದನ್ನು ಹೊಸದು ಮಾಡಿದರೆ ಉಬ್ಬಿ ಬಾಗಿಲನ್ನು ಮೇಲಕ್ಕೆತ್ತುತ್ತದೆ. ನಾವು ತೆವಳಿ ಒಳಗೆ ಹೋಗಬೇಕು. ಮೊದಲ ಬಾರಿ ಇದು ಜಾಣತನವಾಗಿ ಕಂಡಿತು. ಮೂರನೆಯ ಬಾರಿ ಕೆಲಸವಾಗಿ ಕಂಡಿತು. ಐದನೆಯ ಬಾರಿಗೆ, ವಿಶ್ವರೂಪ ತೋರಬಲ್ಲ ದೇವರನ್ನು ಕರೆದು ಲಾರಿಯ ಟಾಯರಿಗೆ ಜಾಕು ಕೊಡಿಸಿದಂತಾಯಿತು.

ಇದಕ್ಕಿಂತ ಆಳವಾದ ಕೊರತೆ ಇನ್ನೊಂದಿದೆ. ಈ ಆಟಕ್ಕೆ ಕಾಲದ ಎರಡೇ ಕ್ರಿಯೆಗಳು ಗೊತ್ತು: ಕೆಡಿಸುವುದು, ಕೆಟ್ಟದ್ದನ್ನು ಮೊದಲಿನಂತೆ ಮಾಡುವುದು. ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ಕಬ್ಬಿಣವಾಗುತ್ತದೆ. ಕಾಲ ಇಷ್ಟೇ ಮಾಡುತ್ತದೆಯೆ? ಕುಮಟಾ ತಾಲೂಕಿನ ಮಿರ್ಜಾನ ಕೋಟೆಯನ್ನು ಕಟ್ಟಿದ್ದು ಚಿರೆಕಲ್ಲಿನಿಂದ. ಚಿರೆಕಲ್ಲು ಭೂಮಿಯ ಒಳಗಿರುವಾಗ ಮೆತ್ತಗೆ. ಹಾರೆಗೂ ಕೊಡಲಿಗೂ ಬಗ್ಗುತ್ತದೆ. ಕಡಿದು ಗಾಳಿಗೆ ಬಿಸಿಲಿಗೆ ಇಟ್ಟಷ್ಟೂ ಗಟ್ಟಿಯಾಗುತ್ತದೆ. ಹೊಸ ಕಲ್ಲಿಗಿಂತ ಹಳೆಯ ಕಲ್ಲು ಗಟ್ಟಿ. ರೆಂಕೊ ತನ್ನ ಕೈಯನ್ನು ಮಿರ್ಜಾನದ ಗೋಡೆಗೆ ಚಾಚಿ ವಯಸ್ಸು ತುಂಬಿದ್ದರೆ ಮೊದಲು ಗೋಡೆ ಬಲವಾಗಬೇಕಾಗಿತ್ತು! ನಮ್ಮ ಅಡಿಗೆಮನೆಯ ಭರಣಿಯೊಳಗಿನ ಅಪ್ಪೆಮಿಡಿಯನ್ನು ಕೇಳಿದರೂ ಕಾಲ ಬರೀ ಶತ್ರುವಲ್ಲವೆಂದು ಹೇಳೀತು. ಮಾಗುವುದು, ಹದಗೊಳ್ಳುವುದು, ಗಾಯ ಕೂಡಿಕೊಳ್ಳುವುದು, ಮರೆಯುವುದು, ಇವೂ ಕಾಲದ ಕೆಲಸಗಳೇ. ಕಾಲವನ್ನು ಕುರಿತ ಕೃತಿ ಇವುಗಳಲ್ಲಿ ಒಂದನ್ನಾದರೂ ಮುಟ್ಟಬೇಕಾಗಿತ್ತು. ಕುಮಟಾ ತಾಲೂಕಿನವರೇ ಆದ ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಬಾಳುತ್ತ ಕಥೆಗಳಲ್ಲಿ ಮತ್ತೆ ಮತ್ತೆ ಹನೇಹಳ್ಳಿಗೆ ಮರಳಿದರು. ಹಾಗೆ ಮರಳಿದಾಗಲೆಲ್ಲ ಅದೇ ಊರು ಬೇರೊಂದು ಅರ್ಥ ಕೊಟ್ಟಿತು. ಹಿಂದಿನ ಕಾಲಕ್ಕೆ ಹೋಗಲು ಅವರಿಗೆ ಯಂತ್ರವೂ ಬೇಕಾಗಲಿಲ್ಲ, ಬಂದೂಕೂ ಬೇಕಾಗಲಿಲ್ಲ.

ಆಟವನ್ನು ಹಳಿಯುವುದಕ್ಕೆಂದೇ ನಾನು ಕುಳಿತಿಲ್ಲ. ಅದರಲ್ಲಿ ಒಂದು ಭಾಗವಿದೆ. ಅದರ ಸಲುವಾಗಿಯೇ ಈ ಲೇಖನ ಬರೆಯಬೇಕೆನಿಸಿತು. ಸಮುದ್ರದ ತಳದಲ್ಲಿ 'ಪರ್ಲ್' ಎಂಬ ಹಡಗು ಮುಳುಗಿ ಕೊಳೆಯುತ್ತಿದೆ. ಅದರೊಳಗಿನ ಒಂದು ವಸ್ತು ರೆಂಕೊನಿಗೆ ಬೇಕು. ಆತ ಕಾಲಯಂತ್ರದಿಂದ ಹಡಗನ್ನು ಮೇಲೆತ್ತುತ್ತಾನೆ. ನೀರು ಸುರಿಸುತ್ತ, ತುಕ್ಕು ಕಳಚುತ್ತ, ಆ ದೈತ್ಯ ಕಡಲಿನಿಂದ ಏಳುವ ನೋಟ ಭವ್ಯವಾದದ್ದು. ಆದರೆ ಭವ್ಯತೆ ಯಂತ್ರಗಳಿಂದ ಈಗ ಸುಲಭವಾಗಿ ಬರುತ್ತದೆ. ಅದನ್ನು ನಾನು ದೊಡ್ಡದು ಮಾಡುವುದಿಲ್ಲ. ಮುಂದಿನದು ಮುಖ್ಯ. ಹಡಗಿಗೆ ಕೊಟ್ಟ ಹೊಸ ಪ್ರಾಯ ಉಳಿಯುವಂಥದಲ್ಲ. ನಾವು ಒಳಗೆ ನಡೆಯುತ್ತಿರುವಾಗಲೇ ಅದು ಮತ್ತೆ ಮುದಿಯಾಗತೊಡಗುತ್ತದೆ. ಹೊಸ ಬಣ್ಣದ ಗೋಡೆ ನೋಡುನೋಡುತ್ತ ಹೊಪ್ಪಳಿಸುತ್ತದೆ, ತುಕ್ಕು ಹರಿದು ಬರುತ್ತದೆ, ಎಲ್ಲೋ ಕೆಳಗೆ ಕಬ್ಬಿಣ ನರಳುತ್ತದೆ, ನೀರು ನುಗ್ಗುತ್ತದೆ. ಇಡೀ ಆಟದಲ್ಲಿ ಕಾಲ ನಮ್ಮ ಗುಂಡಿ ಒತ್ತುವಿಕೆಗೆ ಕಾಯದೆ ತಾನಾಗಿ ನಡೆಯುವುದು ಇಲ್ಲಿ. ಆಗಲೇ ಅದಕ್ಕೆ ಕಾಲದ ನಿಜವಾದ ಮುಖ ಬಂದಿದೆ.

ಕಾಸರಕೋಡಿನ ಅಳಿವೆಯ ದಂಡೆಯಲ್ಲಿ ಮೇಲೆಳೆದಿಟ್ಟ ಹಳೆಯ ದೋಣಿಗಳನ್ನು ನೋಡಿದವರಿಗೆ ಆ ಅನುಭವ ಅಪರಿಚಿತವಲ್ಲ. ಉಪ್ಪುಗಾಳಿ ಯಾರನ್ನೂ ಕೇಳಿ ಕೆಲಸ ಮಾಡುವುದಿಲ್ಲ. ನಾನು ಆ ಹಡಗಿನಲ್ಲಿ ದಾರಿ ತಪ್ಪಿ ಬಾಗಿಲು ಹುಡುಕುತ್ತಿದ್ದಾಗ ಅಳಿಯ ನನಗೆ ದಾರಿ ತೋರಿಸಲಿಲ್ಲ. ಆಟದಲ್ಲಿ ದಾರಿ ತಪ್ಪಿದವರಿಗೆಂದು ಹೆಜ್ಜೆಗುರುತು ಮೂಡಿಸುವ ಒಂದು ಗುಂಡಿಯಿದೆ, ಅದನ್ನೂ ಒತ್ತಗೊಡಲಿಲ್ಲ. "ಹೆದರಿಕೆ ಆಗಬೇಕು ಮಾವ" ಎಂದ. ವಿಮರ್ಶೆಯ ದೃಷ್ಟಿಯಿಂದ ಅವನು ಸರಿ. ಹಡಗು ಇನ್ನೇನು ಒಡೆಯಬೇಕು ಎನ್ನುವಾಗ ಕರೆಂಟು ಹೋಯಿತು. ಮಳೆಗಾಲದ ಕರಾವಳಿಯಲ್ಲಿ ಇದೇನೂ ವಿಶೇಷವಲ್ಲ. ಬಂದಮೇಲೆ ನೋಡಿದರೆ ನಾವು ಮತ್ತೆ ಹಡಗಿನ ಬಾಗಿಲಲ್ಲಿದ್ದೆವು: ಇಂಥ ಆಟಗಳು ಅಲ್ಲಲ್ಲಿ ಗುರುತಿನ ಕಲ್ಲು ನೆಟ್ಟುಕೊಂಡಿರುತ್ತವೆ, ಸತ್ತರೂ ಕರೆಂಟು ಹೋದರೂ ಹಿಂದಿನ ಕಲ್ಲಿಗೆ ಮರಳಬೇಕು. ಅಂದಮೇಲೆ ಕಾಲಪ್ರಯಾಣದ ಕಥೆಯಿಲ್ಲದ ಬಂದೂಕಿನ ಆಟದಲ್ಲಿಯೂ ಕಾಲಪ್ರಯಾಣ ಆಗಲೇ ಇದೆ. ಸಾವಿರ ಸಲ ಸತ್ತು ಸಾವಿರ ಸಲ ಹಿಂದಕ್ಕೆ ಬರುವವನಿಗೆ ಕಾಲದ ಭಯ ಹುಟ್ಟಿಸುವುದು ಸುಲಭದ ಮಾತಲ್ಲ. 'ಪರ್ಲ್' ಅದನ್ನು ಸ್ವಲ್ಪ ಹೊತ್ತು ಸಾಧಿಸುತ್ತದೆಂಬುದು ಸಣ್ಣ ಸಾಧನೆಯಲ್ಲ.

ಬಂದೂಕಿನ ಭಾಗದ ಬಗ್ಗೆ ಹೆಚ್ಚು ಬರೆಯಲು ನನಗೆ ಅಧಿಕಾರವಿಲ್ಲ. ಏಕಕಾಲಕ್ಕೆ ಎರಡೇ ಆಯುಧ ಇಟ್ಟುಕೊಳ್ಳಬಹುದು. ಅವುಗಳ ಪೈಕಿ ಹೊಡೆದ ಗುಂಡನ್ನು ಗಾಳಿಯಲ್ಲೇ ನಡೆಸಿಕೊಂಡು ಮೂಲೆ ತಿರುಗಿಸಿ ಶತ್ರುವಿಗೆ ತಾಗಿಸುವಂಥದೊಂದಿದೆ. ಗಾಳಿಯಲ್ಲಿ ಒಂದು ಗೋಳವನ್ನು ಎಸೆದು ಅದರೊಳಗೆ ಸಿಕ್ಕಿದವರ ಕಾಲವನ್ನು ಹೆಪ್ಪುಗಟ್ಟಿಸಲೂ ಬಹುದು. ಗುಂಡುಗಳು ನೇತು ನಿಲ್ಲುತ್ತವೆ. ಹುಡುಗರು ಇದನ್ನು ಮೆಚ್ಚುತ್ತಾರೆ, ಮೆಚ್ಚತಕ್ಕದ್ದೇ. ಕಸುಬುದಾರಿಕೆಯಲ್ಲಿ ಲೋಪವಿಲ್ಲ.

ಮೆಚ್ಚಲಾಗದ್ದು ಹೆಸರುಗಳ ವಿಷಯ. ದ್ವೀಪದಲ್ಲಿ ಇ-99ರ ವಿಷದಿಂದ ವಿಕಾರಗೊಂಡ ಒಂದು ಜಾತಿಯ ಭೂತಗಳಿವೆ. ಕಾಲದ ಬಿರುಕಿನಲ್ಲಿ ಮಾಯವಾಗಿ ಬೆನ್ನ ಹಿಂದೆ ಬಂದು ನಿಲ್ಲುತ್ತವೆ. ಅವುಗಳಿಗೆ 'ಝೆಕ್' ಎಂದು ಹೆಸರು. ಇದು ಕಲ್ಪಿಸಿದ ಹೆಸರಲ್ಲ. ಸ್ಟಾಲಿನ್ನನ ಕಾಲದ ಶ್ರಮಶಿಬಿರಗಳಲ್ಲಿ ಕೈದಿಗೆ ಜನ ಬಳಸುತ್ತಿದ್ದ ಮಾತು ಅದು. 'ಕಟೋರ್ಗಾ' ಎಂದರೂ ಹಾಗೆಯೇ, ಕಠಿಣ ಸಜೆಯ ಶಿಬಿರ. ನಿಜವಾಗಿ ಹಸಿದು, ಹಿಮದಲ್ಲಿ ದುಡಿದು ಸತ್ತ ಮನುಷ್ಯರ ಹೆಸರನ್ನು ನಾವು ಗುರಿಯಿಟ್ಟು ಕೊಲ್ಲಬೇಕಾದ ಭೂತಕ್ಕೆ ಇಟ್ಟಿದ್ದಾರೆ. ದ್ವೀಪದಲ್ಲಿ ಅಲ್ಲಲ್ಲಿ ಹಳೆಯ ಧ್ವನಿಮುದ್ರಿಕೆಗಳೂ ಚೀಟಿಗಳೂ ಸಿಗುತ್ತವೆ. ಅವುಗಳಲ್ಲಿ ಆ ಜನರ ಸ್ವರ ಕ್ಷಣಕಾಲ ಕೇಳುತ್ತದೆ, ಮನಸ್ಸು ತೇವಗೊಳ್ಳುತ್ತದೆ. ಮುಂದಿನ ಬಾಗಿಲು ತೆರೆದರೆ ಅವರನ್ನೇ ಬೂದಿ ಮಾಡುವ ಕೆಲಸ. ಆಟ ಈ ವಿರೋಧವನ್ನು ಅರಿತೇ ತಂದಿದ್ದರೆ ಅದು ದೊಡ್ಡ ಕೃತಿಯಾಗುತ್ತಿತ್ತು. ಅರಿತ ಲಕ್ಷಣ ನನಗೆಲ್ಲೂ ಕಾಣಲಿಲ್ಲ.

ಡಿಸ್ಕು ಬಂದ ಊರಿನ ಮಾತನ್ನೇ ತೆಗೆದುಕೊಳ್ಳಿ. 1542ರಲ್ಲಿ ಮಾರ್ಟಿಂ ಅಫೋನ್ಸೊ ದ ಸೋಜನ ನೇತೃತ್ವದಲ್ಲಿ ಪೋರ್ಚುಗೀಸರು ಭಟ್ಕಳವನ್ನು ಕೊಳ್ಳೆಹೊಡೆದು ಸುಟ್ಟರು. ಅದಕ್ಕೆ ಮೊದಲೇ, 1505ರಲ್ಲಿ, ಅಲ್ಮೇಡನ ಪಡೆ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಬಂದು, ಹೆಣ್ಣುಮಕ್ಕಳ ಶಾಲೆಗಳೇ ಹದಿಮೂರಿವೆಯೆಂದು ಬೆರಗಾಗಿ ಬರೆದ ಹೊನ್ನಾವರ ಅದು. ನಾಳೆ ಯಾವುದೋ ದೂರದೇಶದ ಸಂಸ್ಥೆ ಭಟ್ಕಳದ ಆ ಬೆಂಕಿಯನ್ನು ಆಟ ಮಾಡಿ, ಅಂದು ಸತ್ತ ವರ್ತಕರ, ಹಮಾಲರ ಹೆಸರುಗಳನ್ನು ಅದರ ಪಿಶಾಚಿಗಳಿಗೆ ಇಟ್ಟರೆ ನಮಗೆ ಹೇಗಾದೀತು? ರಷ್ಯ ನಮಗೆ ದೂರವಾದ್ದರಿಂದ ನೋವು ತಟ್ಟಲಿಲ್ಲ, ಅಷ್ಟೆ. ಅಳಿಯನಿಗೆ 'ಝೆಕ್' ಮಾತಿನ ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮತ್ತೆ ಆಡತೊಡಗಿದ. ಆದರೆ ಆಮೇಲೆ ಆ ಭೂತಗಳನ್ನು 'ಅವು' ಎಂದು ಕರೆದನೇ ಹೊರತು ಹೆಸರೆತ್ತಲಿಲ್ಲ. ಅದನ್ನು ನಾನು ಗಮನಿಸಿದೆ.

ಕಥಾವಸ್ತುವಿನ ತಳಹದಿಯ ಬಗ್ಗೆಯೂ ಒಂದು ಆಕ್ಷೇಪವಿದೆ. ಒಬ್ಬ ಡೆಮಿಚೆವ್ ಉಳಿದರೆ ಜಗತ್ತು ಹಾಳು, ಅವನು ಸತ್ತರೆ ಜಗತ್ತು ಸರಿ ಎಂಬುದು ಮಕ್ಕಳ ಇತಿಹಾಸ. ಹೊನ್ನಾವರದಿಂದ ಊರಿಗೆ ಮರಳುವಾಗ ಕುಮಟೆಯಲ್ಲಿ ಇಳಿದು ನನ್ನ ಹಿರಿಯ ಮಿತ್ರರೊಬ್ಬರೊಡನೆ ಈ ಮಾತು ತೆಗೆದೆ. ಅವರ ಮನೆತನ ಹಿಂದೆ ಹತ್ತಿಯ ವ್ಯಾಪಾರದ್ದು. ಇಂದಿನ ಕುಮಟೆಯನ್ನು ಕಂಡವರಿಗೆ ನಂಬುವುದು ಕಷ್ಟ. ಆದರೆ 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ, ಧಾರವಾಡ ಸೀಮೆಯ ಹತ್ತಿ ಗಟ್ಟ ಇಳಿದು ಕುಮಟೆಯ ಬಂದರಿಗೆ ಬಂದು, ಮುಂಬಯಿಗೂ ಅಲ್ಲಿಂದ ಇಂಗ್ಲೆಂಡಿಗೂ ಹೋಗುತ್ತಿತ್ತು. ಲೋಕದ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೆ 'ಕುಮಟಾ' ಎಂದೇ ಹೆಸರಾಯಿತು. 1880ರ ದಶಕದಲ್ಲಿ ರೈಲು ಗೋವೆಯ ಮರ್ಮಗೋವೆಗೆ ಹೋಯಿತು, ಹತ್ತಿ ರೈಲಿನ ಹಿಂದೆ ಹೋಯಿತು, ಬಂದರು ಬರಿದಾಯಿತು. "ಆ ರೈಲು ನಮ್ಮ ಕಡೆ ಬಂದಿದ್ದರೆ" ಎಂಬ ಆಟವನ್ನು ಕುಮಟೆಯ ಹಳಬರು ಚಹಾದಂಗಡಿಯಲ್ಲಿ ಕುಳಿತು ಆಡುತ್ತಲೇ ಬಂದಿದ್ದಾರೆ. ಕೊಂಕಣ ರೈಲು ಬಂದು ದಶಕಗಳಾದರೂ ಆ ಆಟ ನಿಂತಿಲ್ಲ.

ನಾನು ಸಿಂಗ್ಯುಲಾರಿಟಿಯ ಕಥೆ ಹೇಳಿ ಕೇಳಿದೆ: "ಹಿಂದಕ್ಕೆ ಹೋಗಲು ನಿಮಗೆ ಅಂಥ ಯಂತ್ರ ಸಿಕ್ಕರೆ ಯಾರನ್ನು ಹೊಡೆಯುತ್ತೀರಿ?" ಅವರು ಬಹಳ ಹೊತ್ತು ಯೋಚಿಸಿದರು. "ಯಾರನ್ನು ಅಂತ ಹೊಡೀಲಿ? ಲಿಂಕನ್ನನನ್ನೊ, ಸರ್ವೇ ಮಾಡಿದ ಇಂಜಿನಿಯರನನ್ನೊ, ಹೆಚ್ಚು ರೇಟು ಕೊಡ್ತೇನೆ ಅಂದ ಲಿವರ್ಪೂಲಿನ ದಲಾಲನನ್ನೊ? ಒಬ್ಬ ಸತ್ತರೆ ಇನ್ನೊಬ್ಬ ಬರ್ತಾನೆ. ಹತ್ತಿ ಎಲ್ಲಿ ಹೋಗಬೇಕೋ ಅಲ್ಲೇ ಹೋಗ್ತದೆ" ಎಂದರು. ಆಟವನ್ನು ನೋಡದೆಯೇ ಅವರು ಅದರ ದುರ್ಬಲ ಜಾಗದ ಮೇಲೆ ಬೆರಳಿಟ್ಟಿದ್ದರು. ಆದರೆ ನ್ಯಾಯಕ್ಕೆ ಇದನ್ನೂ ಹೇಳಬೇಕು: ಆಟ ತನ್ನ ಕೊನೆಯ ನಿಮಿಷದಲ್ಲಿ ಅವರ ಮಾತನ್ನೇ ಒಪ್ಪಿಕೊಳ್ಳುತ್ತದೆ.

ಆ ಕೊನೆಗೆ ಬರೋಣ. ಕಡೆಯ ದೃಶ್ಯದಲ್ಲಿ ಡೆಮಿಚೆವ್ ಒಂದು ಕಡೆ, ಬರಿಸೊವ್ ಇನ್ನೊಂದು ಕಡೆ. ಬರಿಸೊವ್ ಹೇಳುತ್ತಾನೆ: ಎಲ್ಲ ಸರಿಹೋಗಬೇಕಾದರೆ ನೀನು 1955ಕ್ಕೆ ಹಿಂತಿರುಗಿ, ಡೆಮಿಚೆವ್‌ನನ್ನು ಉಳಿಸಹೊರಟ ನಿನ್ನನ್ನೇ ಕೊಲ್ಲಬೇಕು. ಡೆಮಿಚೆವ್ ಹೇಳುತ್ತಾನೆ: ಅವನನ್ನು ಕೊಂದು ನನ್ನ ಜೊತೆ ಸೇರು, ಲೋಕವನ್ನು ಆಳೋಣ. ಇಬ್ಬರನ್ನೂ ಕೊಂದು ಯಂತ್ರವನ್ನು ತಾನೇ ಇಟ್ಟುಕೊಳ್ಳುವುದು ಮೂರನೆಯ ದಾರಿ. ಮೊದಲನೆಯ ದಾರಿ ಹಿಡಿದರೆ ಮತ್ತೆ ಅದೇ ಉರಿಯುವ ಕಟ್ಟಡ; ಆಟದ ಉದ್ದಕ್ಕೂ ತನ್ನ ಮೈಯನ್ನೇ ಕಾಣದಿದ್ದ ಉತ್ತಮ ಪುರುಷ ಅಲ್ಲಿ ತನ್ನನ್ನು ಹೊರಗಿನಿಂದ ಕಾಣುತ್ತಾನೆ, ಒಬ್ಬನನ್ನು ಬೆಂಕಿಯಿಂದ ಎಳೆದು ತರುತ್ತಿರುವ ತನ್ನನ್ನು. ಗುಂಡು ಹೊಡೆಯುತ್ತಾನೆ.

ಭಸ್ಮಾಸುರ ತನ್ನ ತಲೆಯ ಮೇಲೆ ಕೈಯಿಟ್ಟ ಹಾಗೆಯೇ. ಕಲ್ಪನೆಯಾಗಿ ಇದಕ್ಕಿಂತ ಒಳ್ಳೆಯ ಮುಕ್ತಾಯ ಸಿಗಲಾರದು; ಎಸಗಿದ ಪುಣ್ಯವನ್ನು ಅಳಿಸಲು ಪುಣ್ಯಾತ್ಮನನ್ನೇ ಕೊಲ್ಲಬೇಕು. ಆದರೆ ನನ್ನ ಎದೆ ಏಕೆ ನಡುಗಲಿಲ್ಲ? ಗುಂಡಿ ಒತ್ತಿದ ಬೆರಳು ಅದಕ್ಕೆ ಮೊದಲು ನೂರಾರು ಸಲ ಅದೇ ಗುಂಡಿಯನ್ನು ಒತ್ತಿತ್ತು. ತನ್ನನ್ನು ಕೊಲ್ಲುವುದಕ್ಕೂ ದಾರಿಯಲ್ಲಿ ಅಡ್ಡ ಬಂದ ಕಾವಲುಗಾರನನ್ನು ಕೊಲ್ಲುವುದಕ್ಕೂ ಕೈಗೆ ವ್ಯತ್ಯಾಸ ತಿಳಿಯಲಿಲ್ಲ. ಇನ್ನೊಂದು ಕಾರಣ, ರೆಂಕೊ ಮೂಕ. ಆಟದ ಉದ್ದಕ್ಕೂ ಅವನದೊಂದು ಮಾತಿಲ್ಲ. ಡೆಮಿಚೆವ್ ಮಾತಾಡುತ್ತಾನೆ, ಬರಿಸೊವ್ ಮಾತಾಡುತ್ತಾನೆ, ಬೂದಿಯಾಗುವ ಸೈನಿಕರೂ ಕೂಗುತ್ತಾರೆ; ಪಾಪಪುಣ್ಯದ ಲೆಕ್ಕವೆಲ್ಲ ಯಾರ ತಲೆಯ ಮೇಲಿದೆಯೋ ಅವನಿಗೆ ಮಾತ್ರ ಬಾಯಿಲ್ಲ. ಆಡುವವನೇ ರೆಂಕೊ ಆದ್ದರಿಂದ ಅವನಿಗೆ ಮಾತು ಕೊಡಬಾರದೆಂಬುದು ಈ ಕಸುಬಿನವರ ವಾದವಂತೆ. ಅಳಿಯನೂ ಅದನ್ನೇ ಹೇಳಿದ. ನಾನು ಒಪ್ಪಲಿಲ್ಲ. ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೈಗೆ ಕೆಲಸವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿ ಆ ಪದ್ಯಕ್ಕೆ ಕಟ್ಟುಬಿದ್ದೂ ತನ್ನ ಮಾತನ್ನು ತಾನೇ ಕಟ್ಟುತ್ತಾನೆ. ಕರ್ಣನ ಸಾವು ನಿಶ್ಚಿತ. ಸಾಯುವ ಮೊದಲು ಆತ ಏನು ಹೇಳುತ್ತಾನೆಂಬುದು ಇಂದಿನ ರಾತ್ರಿಯ ಅರ್ಥಧಾರಿಗೆ ಬಿಟ್ಟದ್ದು. ಸ್ವಾತಂತ್ರ್ಯವಿರುವುದು ಅಲ್ಲಿ. ಈ ಆಟದಲ್ಲಿ ಮೂರು ಮುಕ್ತಾಯಗಳ ಸ್ವಾತಂತ್ರ್ಯ ಕೊಟ್ಟು ಒಂದು ಮಾತಿನ 'ಅರ್ಥ'ಕ್ಕೂ ಅವಕಾಶ ಕೊಟ್ಟಿಲ್ಲ.

ಅಳಿಯ ಮೂರು ಮುಕ್ತಾಯಗಳನ್ನೂ ಆಡಿ ಮುಗಿಸಿದ್ದ. ಒಂದನ್ನು ಆಡಿ, ಹಿಂದಿನ ಗುರುತಿನ ಕಲ್ಲಿಗೆ ಮರಳಿ, ಇನ್ನೊಂದನ್ನು ಆಡಿದ್ದಾನೆ. ಹೀಗೆ ಮರಳಬಹುದಾದ ಕಡೆ ಯಾವ ಆಯ್ಕೆಯೂ ಆಯ್ಕೆಯಲ್ಲ ಎಂದು ನಾನು ವಾದಿಸಿದೆ. ಅವನ ಉತ್ತರ ನನ್ನನ್ನು ಸ್ವಲ್ಪ ತಡೆಯಿತು. "ಹೌದು ಮಾವ. ಆದರೆ ತನ್ನನ್ನೇ ಹೊಡೆಯೂದನ್ನು ನಾನು ಕೊನೆಗೆ ಇಟ್ಟುಕೊಂಡಿದ್ದೆ. ಮೊದಲು ಎರಡು ಆಡಿ, ಎರಡು ದಿನ ಬಿಟ್ಟು ಅದನ್ನು ಆಡಿದೆ." ಎರಡು ದಿನ ಏಕೆ ಬಿಟ್ಟೆಯೆಂದು ಕೇಳಿದ್ದಕ್ಕೆ ಪರೀಕ್ಷೆಯಿತ್ತೆಂದ. ಇರಬಹುದು. ಆ ಎರಡು ದಿನವನ್ನು ಆಟ ಅವನಿಗೆ ಕೊಡಲಿಲ್ಲ, ಅವನೇ ತೆಗೆದುಕೊಂಡ ಎಂದು ನಾನು ಈಗಲೂ ಹೇಳುತ್ತೇನೆ.

ಗುಂಡು ಹೊಡೆದ ಮೇಲೆ ಒಂದು ತುಣುಕು ದೃಶ್ಯವಿದೆ. ಮತ್ತೆ 2010, ಮೊದಲಿನ ಹಾಗೆಯೇ ಹೆಲಿಕಾಪ್ಟರ್ ದ್ವೀಪದತ್ತ ಸಾಗುತ್ತಿದೆ. ಡೆಮಿಚೆವ್ ಅಳಿದುಹೋಗಿದ್ದಾನೆ. ಕೆಳಗೆ ಸರ್ವಾಧಿಕಾರಿಯ ಪ್ರತಿಮೆ ಮಾತ್ರ ಇದ್ದಲ್ಲೇ ಇದೆ. ಅದರ ಮುಖ ಈಗ ಬರಿಸೊವ್‌ನದು. ಯಾವ ಟಿಪ್ಪಣಿಯೂ ಇಲ್ಲದೆ ಆಟ ಅಲ್ಲಿಗೇ ನಿಲ್ಲುತ್ತದೆ. ಎಂಟು ಗಂಟೆ ಗುಂಡು ಹಾರಿಸಿ ದಣಿದವನಿಗೆ ನಿರ್ಮಾಪಕರು ಇಷ್ಟು ಕಹಿಯಾದ ನಗೆಯನ್ನು ಉಳಿಸಿಟ್ಟಾರೆಂದು ನಾನು ಎಣಿಸಿರಲಿಲ್ಲ.

ಆ ದೃಶ್ಯವನ್ನು ನೋಡಬೇಕೆಂದು ಕುಮಟೆಯ ಮಿತ್ರರು ಯಂತ್ರವನ್ನೂ ಡಿಸ್ಕನ್ನೂ ಅಳಿಯನಿಂದ ತರಿಸಿಕೊಂಡಿದ್ದಾರೆ. ಮೊಮ್ಮಗ ಆಡುತ್ತಾನೆ, ಅವರು ಹಿಂದೆ ಕುಳಿತು ನೋಡುತ್ತಾರೆ. ಮೊನ್ನೆ ಫೋನು ಮಾಡಿದಾಗ ಅವರಿನ್ನೂ ಹಡಗಿನಲ್ಲೇ ಇದ್ದರು.